ಕಾಂಡೋರ್ 2: ಮೊದಲು ಬಂದೆ, ಒಂಬತ್ತನೆಯವನಾದೆ

ಎಂಜಿನ್ ಇಲ್ಲದೆ ಹಾರುವ ನಿಜವಾದ ಗ್ಲೈಡರ್ ಹತ್ತಿದವನಲ್ಲ ನಾನು. ಸ್ಲೊವೇನಿಯಾದವರು ಮಾಡಿದ ಕಾಂಡೋರ್ ಎಂಬ ಗ್ಲೈಡರ್ ಸಿಮ್ಯುಲೇಟರ್ ಆಟದ ಎರಡನೇ ಆವೃತ್ತಿಯನ್ನು ನಾಲ್ಕು ವರ್ಷದಿಂದ ಹಾರಿಸುತ್ತಿದ್ದೇನೆ, ಅಷ್ಟೇ. ಆನ್‌ಲೈನ್ ರೇಸಿನ ಹೊತ್ತು, ಬೇಸಿಗೆಯಲ್ಲಿ ಅವರ ರಾತ್ರಿ 8 ಅಂದರೆ ಬೆಂಗಳೂರಿನ ಹನ್ನೊಂದೂವರೆ. ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನಿನಲ್ಲಿ ಏರಿಳಿತ ಹೇಳುವ ವೇರಿಯೋಮೀಟರ್ ಪೀಂ ಪೀಂ ಅನ್ನುತ್ತಿರುತ್ತದೆ, ನಾನು ಬ್ಲೆಡ್ ಸರೋವರದ ಪಕ್ಕದ ಲೆಸ್ತ್ಸೆಯ ಮೇಲೆ ಸುತ್ತುತ್ತಿರುತ್ತೇನೆ.

ಗ್ರಾಫಿಕ್ಸ್ ಸಾಧಾರಣ. ಗಾಳಿ ಮಾತ್ರ ಅದ್ಭುತ. ಆದರೆ ಆಟ ರುಚಿಸುತ್ತದೋ ಇಲ್ಲವೋ ಅನ್ನುವುದು ರೇಸನ್ನು ಯಾವ ನಿಯಮದಲ್ಲಿ ಇಟ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಹಳೆಯ ಪದ್ಧತಿಯಲ್ಲಿ ಸ್ಟಾರ್ಟ್ ಲೈನ್ ಅರ್ಧ ಗಂಟೆ ತೆರೆದಿರುತ್ತದೆ. ಯಾವಾಗ ಬೇಕಾದರೂ ಹೊರಡಿ, ನಿಮ್ಮ ಗಡಿಯಾರ ನಿಮಗೆ. ಕೇಳಲು ನ್ಯಾಯವಾಗಿದೆ ಅಲ್ಲವೇ? ಹದಿನೆಂಟು ಜನ ಸುತ್ತುತ್ತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ತಾಳ್ಮೆ ಕೆಟ್ಟು ನಾನೇ ಹೊರಟೆ. ಹಿಂದಿನವರಲ್ಲಿ ಎಂಟು ಜನ ಏಳು ನಿಮಿಷ ಬಿಟ್ಟು ಹೊರಟು, ನಾನು ಸುತ್ತಿದ ಕಡೆಗೇ ನೇರ ಬಂದು ಥರ್ಮಲ್ (ಮೇಲೇರುವ ಬಿಸಿಗಾಳಿ) ಹಿಡಿದರು. ನನಗಿಂತ ನಾಲ್ಕು ನಿಮಿಷ ತಡವಾಗಿ ಮುಟ್ಟಿದರು. ಅಂದರೆ ಅವರವರ ಗಡಿಯಾರದಲ್ಲಿ ನನಗಿಂತ ಮೂರು ನಿಮಿಷ ಬೇಗ! ಒಬ್ಬನೂ ನನ್ನನ್ನು ದಾಟಲಿಲ್ಲ, ಆದರೂ ಎಂಟೂ ಜನ ನನ್ನನ್ನು ಗೆದ್ದರು. ನಾನು ಬಿಟ್ಟಿ ದಾರಿದೀಪ.

ವಲಯ ಮುಟ್ಟುವ ಎಎಟಿಯಲ್ಲಿ (ಅಸೈನ್ಡ್ ಏರಿಯಾ ಟಾಸ್ಕ್: ತಿರುಗಲು ಬಿಂದುವಿನ ಬದಲು ದೊಡ್ಡ ವಲಯ, ಕನಿಷ್ಠ ಇಷ್ಟು ಸಮಯ ಅಂತ ಗೊತ್ತು, ಗೆಲುವು ಸರಾಸರಿ ವೇಗಕ್ಕೆ) ಈ ಬಾಲ ಹಿಡಿಯುವ ಚಟ ಕಡಿಮೆ, ಎಷ್ಟು ಒಳಗೆ ಹೋಗಿ ತಿರುಗಬೇಕೆಂಬುದು ಅವರವರ ಲೆಕ್ಕ. ನನ್ನದು ತಪ್ಪಿತು. ಕನಿಷ್ಠ ಎರಡು ಗಂಟೆಯ ಟಾಸ್ಕನ್ನು 1 ಗಂಟೆ 52 ನಿಮಿಷಕ್ಕೆ ಮುಗಿಸಿದೆ. 180 ಕಿ.ಮೀ. ಹಾರಿದ್ದೆ, ಗಂಟೆಗೆ 96 ಕಿ.ಮೀ. ಅಂತ ಬೀಗುತ್ತಿದ್ದವನಿಗೆ ಎರಡು ಗಂಟೆಯಿಂದಲೇ ಭಾಗಿಸಿ 90 ಕೊಟ್ಟರು. ನ್ಯಾಯವೇ, ಒಪ್ಪುತ್ತೇನೆ. ಆದರೆ ಯಾರು ಮುಂದಿದ್ದಾರೆ ಅನ್ನುವುದು ಹಾರುವವನಿಗೂ ಗೊತ್ತಿಲ್ಲ, ನೋಡುವವನಿಗೂ ಗೊತ್ತಿಲ್ಲ.

ನಾನು ಮೂಡುಬಿದಿರೆ ಕಡೆಯವನು. ಕೋಟಿ-ಚೆನ್ನಯ ಜೋಡುಕರೆ ಕಂಬಳದಲ್ಲಿ ಎರಡು ಜೊತೆ ಕೋಣ ಒಟ್ಟಿಗೆ ಬಿಟ್ಟಾಗಿನ ಬೊಬ್ಬೆ ಕೇಳಿ ಬೆಳೆದವನಿಗೆ ರೆಗಾಟಾ ಸ್ಟಾರ್ಟೇ ಸರಿ. ಸ್ಟಾರ್ಟ್ ಅವಧಿಯನ್ನು ಸೊನ್ನೆ ನಿಮಿಷಕ್ಕೆ ಇಟ್ಟರಾಯಿತು: ಎಲ್ಲರಿಗೂ ಒಂದೇ ಗಡಿಯಾರ, ಮೊದಲು ಮುಟ್ಟಿದವನೇ ಗೆದ್ದ. 2005ರಲ್ಲಿ ಫ್ರಾನ್ಸಿನ ಸೇಂಟ್ ಓಬಾನ್‌ನಲ್ಲಿ ನಡೆದ ಮೊದಲ ವಿಶ್ವ ಗ್ಲೈಡಿಂಗ್ ಗ್ರ್ಯಾನ್ ಪ್ರಿ ಇದೇ ನಿಯಮದ್ದು, ಗೆದ್ದವನು ಪೋಲೆಂಡಿನ ಸೆಬಾಸ್ಟಿಯನ್ ಕಾವಾ.

ಇದರಲ್ಲೂ ಮುಂದಿನವನ ಬಾಲ ಹಿಡಿಯುವವರಿದ್ದಾರೆ. ಆದರೆ ಕೊನೆಗೆ ಅವನನ್ನು ದಾಟಲೇಬೇಕಲ್ಲ! ಕಳೆದ ವಾರ 2236 ಮೀಟರಿನ ಸ್ತೋಲ್ ಶಿಖರದ ಹತ್ತಿರ ಐದು ಜನ ಒಂದೇ ಥರ್ಮಲ್‌ನಲ್ಲಿದ್ದೆವು. ಫಿನಿಶ್ ಮುಟ್ಟಲು ಇನ್ನೂ 150 ಮೀಟರ್ ಎತ್ತರ ಬೇಕು ಎಂದು ಲೆಕ್ಕ ಹೇಳುತ್ತಿತ್ತು. ನಾನು ಬಿಟ್ಟು ಹೊರಟೆ, ಇಳಿಜಾರಿನ ಗಾಳಿ ಎತ್ತೀತು ಅಂತ. ಎತ್ತಿತು, ಸ್ವಲ್ಪ. ಹನ್ನೊಂದು ಸೆಕೆಂಡಿನ ಅಂತರದಲ್ಲಿ ನಾಲ್ಕನೆಯವನಾದೆ, ಕೈ ನಡುಗುತ್ತಿತ್ತು.

ಒಂದೇ ತಕರಾರು. ಬೇರೆ ವಿಮಾನಗಳ ಮೇಲೆ ಕಾಣುವ ಹೆಸರಿನ ಚೀಟಿಗಳನ್ನು ರೇಸ್ ನಡೆಸುವವರು ಆಫ್ ಮಾಡಬಹುದು, ನಮ್ಮ ಗುಂಪಿನವರು ಮಾಡುವುದಿಲ್ಲ. ದೂರದಿಂದಲೇ ಯಾರು ಎಲ್ಲಿ ಏರುತ್ತಿದ್ದಾರೆಂದು ಕಂಡರೆ ಮೋಡ ಓದುವ ವಿದ್ಯೆ ಯಾಕೆ ಬೇಕು? ನಿಜವಾದ ಆಕಾಶದಲ್ಲೂ ಡಿಕ್ಕಿ ತಪ್ಪಿಸಲೆಂದು ಬಂದ, ಹತ್ತಿರದ ವಿಮಾನಗಳನ್ನು ತೋರಿಸುವ ಫ್ಲಾರ್ಮ್ ಪೆಟ್ಟಿಗೆ ಇದೇ ಜಗಳ ತಂದಿಟ್ಟಿದೆ. ನಾನಾದರೆ ರೆಗಾಟಾ ಇಟ್ಟು ಚೀಟಿ ಕಿತ್ತುಹಾಕುತ್ತೇನೆ.

ಐದಕ್ಕೆ ನಾಲ್ಕೂವರೆ. ಹೆಚ್ಚುವರಿ ವಿಮಾನಗಳಿಗೆ ಬೇರೆ ದುಡ್ಡು, ಆದರೆ ಅಭಿಮಾನಿಗಳು ಮಾಡಿದ ಭೂದೃಶ್ಯಗಳು ಪುಕ್ಕಟೆ ಸಿಗುತ್ತವೆ. ಪೆಡಲ್ ಇಲ್ಲದಿದ್ದರೆ ತಿರುಚುವ ಜಾಯ್‌ಸ್ಟಿಕ್ ಸಾಕು. ಕೀಬೋರ್ಡಿನಲ್ಲಿ ಥರ್ಮಲ್ ಸುತ್ತಲು ಮಾತ್ರ ಹೋಗಬೇಡಿ.