"ಎಲ್ಲಾ ಲಸಿಕೆ ಆಗಿದೆ ಅಕ್ಕಾ" ಅಂದರೆ ನಂಬಬೇಡಿ, ಯಾವ ದಿನ, ಎಲ್ಲಿಗೆ ಹಾಕಿದ್ದು ಅಂತ ಕೇಳಿ

ಹಿತ್ತಲಲ್ಲಿ ನಾಲ್ಕು ಕೋಳಿ ಸಾಕೋಣ ಅಂತ ವ್ಯಾನಿನವರ ಹತ್ತಿರ ಮರಿ ಕೊಳ್ಳುವವರು ದಯವಿಟ್ಟು ಇದನ್ನು ಓದಿ. ನಾನು ಮೋಸ ಹೋಗಿದ್ದೇನೆ. ಹೇಳಿಕೊಳ್ಳಲು ನಾಚಿಕೆ ಆಗುತ್ತಿದೆ, ಆದರೂ ಹೇಳುತ್ತೇನೆ.

ನಮ್ಮದು ತುಮಕೂರಿನ ಹತ್ತಿರ ಒಂದು ಹಳ್ಳಿ. ಸಂತೆಯ ದಿನ ವ್ಯಾನಿನಲ್ಲಿ ಮರಿ ತರುವ ಒಬ್ಬರ ಹತ್ತಿರ 12 ಗಿರಿರಾಜ ಮರಿ ತೆಗೆದುಕೊಂಡೆ. ಒಂದು ತಿಂಗಳ ಮರಿ. ಬೇರೆಯವರು 120 ರೂಪಾಯಿ ಹೇಳುತ್ತಿದ್ದರು, ಇವರು 160. ಯಾಕೆ ಜಾಸ್ತಿ ಅಂದಿದ್ದಕ್ಕೆ "ಎಲ್ಲಾ ಲಸಿಕೆ ಆಗಿದೆ ಅಕ್ಕಾ. ಮಾರೆಕ್ಸ್, ಕೊಕ್ಕರೆ ರೋಗ, ಗುಂಬೋರೊ, ಎಲ್ಲಾ" ಅಂದರು. ಮೂರೂ ಕೋಳಿಗೆ ಬರುವ ರೋಗಗಳ ಹೆಸರು. ಒಂದು ಕಾರ್ಡೂ ಕೊಟ್ಟರು. ಆ ಕಾರ್ಡ್ ನೋಡಿಯೇ ನಾನು ದುಡ್ಡು ಕೊಟ್ಟಿದ್ದು. ಮನೆಗೆ ತಂದು ಕ್ಯಾಲೆಂಡರ್ ಹಿಂದೆ ಜೋಪಾನವಾಗಿ ಸಿಕ್ಕಿಸಿಟ್ಟೆ.

ಒಂದೂವರೆ ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮಂಕರಿ ಎತ್ತಿದಾಗ ಒಂದು ಹೆಣ್ಣು ಮರಿ ಎಲ್ಲರ ಜೊತೆ ಓಡಿ ಬರಲಿಲ್ಲ. ಎಡಗಾಲು ಎಳೆಯುತ್ತಿತ್ತು. ನಮ್ಮತ್ತೆ ಉಳುಕಿರಬೇಕು ಅಂತ ಎಣ್ಣೆ ಬೆಚ್ಚಗೆ ಮಾಡಿ ತಿಕ್ಕಿದರು. ನಾನು ಆ ಮನುಷ್ಯನಿಗೆ ಫೋನ್ ಮಾಡಿದೆ.

"ಕ್ಯಾಲ್ಸಿಯಂ ಕಮ್ಮಿ ಆಗಿದೆ ಅಕ್ಕಾ, ಅಷ್ಟೇ. ನಮ್ಮ ಹತ್ತಿರ ಟಾನಿಕ್ ಇದೆ, ಎಲ್ಲಾ ಮರಿಗೂ ಹಾಕಿ."

380 ರೂಪಾಯಿ. ಹಾಕಿದೆ. ಎಲ್ಲಾ ಮರಿಗೂ ಹಾಕಿದೆ.

ನಾಲ್ಕನೇ ದಿನಕ್ಕೆ ಆ ಮರಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿಕೊಂಡು ಮಲಗಿಬಿಟ್ಟಿತು. ಕಣ್ಣು ಚುರುಕಾಗಿದೆ, ಕಾಳು ಬಾಯಿಗೆ ಹಿಡಿದರೆ ತಿನ್ನುತ್ತದೆ, ಎದ್ದು ನಿಲ್ಲಲು ಮಾತ್ರ ಆಗುವುದಿಲ್ಲ. ಫೋಟೊ ತೆಗೆದು ಕಳಿಸಿದೆ. "ಸೋಂಕು ಆಗಿದೆ ಅನ್ಸತ್ತೆ ಅಕ್ಕಾ, ಆಂಟಿಬಯಾಟಿಕ್ ಪುಡಿ ಕೊಡ್ತೀನಿ" ಅಂದರು. ಅದಕ್ಕೂ ದುಡ್ಡು ಕೊಟ್ಟೆ. ಎರಡನೇ ಮರಿ ಕುಂಟಲು ಶುರು ಮಾಡಿದಾಗ "ನಿಮ್ಮ ಗೂಡಿನ ನೆಲ ಜಾರತ್ತೆ, ಅದಕ್ಕೇ ಕಾಲು ಹೋಗಿದೆ" ಅಂದರು. ನಮ್ಮ ಗೂಡಿನಲ್ಲಿರುವುದು ಮಣ್ಣಿನ ನೆಲ, ಮೇಲೆ ಭತ್ತದ ಹೊಟ್ಟು. ಅಲ್ಲಿ ಏನು ಜಾರುತ್ತದೆ? ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಕಾರ್ಡ್ ಇದೆಯಲ್ಲಾ, ಲಸಿಕೆ ಆಗಿದೆಯಲ್ಲಾ ಅಂತ ಧೈರ್ಯ. ಹತ್ತು ದಿನ ಹೀಗೇ ಹೋಯಿತು. ಮೊದಲನೆಯದು ಸತ್ತಿತು. ಹಿತ್ತಲಲ್ಲೇ ಹೂತೆವು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಎರಡನೆಯದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಅದನ್ನು ತಿರುಗಿಸಿ ಅಂಗಾಲು ನೋಡಿದರು, ಬಾವು ಇರಲಿಲ್ಲ. ಬೆರಳು ನೋಡಿದರು. ಬಿ2 ವಿಟಮಿನ್ ಕೊರತೆ ಆದರೆ ಬೆರಳು ಮುಷ್ಟಿ ಹಿಡಿದ ಹಾಗೆ ಒಳಗೆ ಮಡಚಿಕೊಳ್ಳುತ್ತವಂತೆ, ಅದು ಜಾಸ್ತಿ ಬರುವುದು ಎರಡು ಮೂರು ವಾರದ ಪುಟ್ಟ ಮರಿಗಳಿಗೆ. ಕಾಲಿನ ಮಧ್ಯದ ಗಿಣ್ಣು ಮುಟ್ಟಿದರು. ಅಲ್ಲಿ ಊತ ಇದ್ದು ಸ್ನಾಯುವಿನ ಹುರಿ ಪಕ್ಕಕ್ಕೆ ಸರಿದಿದ್ದರೆ ಅದು ಬೇರೆ ತೊಂದರೆ. ಹುರಿ ಜಾಗದಲ್ಲೇ ಇತ್ತು. ಆಮೇಲೆ "ಲಸಿಕೆ ಏನೇನು ಆಗಿದೆಯಮ್ಮಾ?" ಅಂತ ಕೇಳಿದರು. ನಾನು ಧೈರ್ಯವಾಗಿ ಕಾರ್ಡ್ ಕೊಟ್ಟೆ.

ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಮಾರೆಕ್ಸ್, 7ನೇ ದಿನ, ಕಣ್ಣಿಗೆ ಹನಿ" ಅಂತ ಬರೆದಿತ್ತು.

"ನೋಡಮ್ಮಾ, ಮಾರೆಕ್ಸ್ ಲಸಿಕೆ ಕಣ್ಣಿಗೆ ಹಾಕೋದಲ್ಲ. ಮರಿ ಮೊಟ್ಟೆಯಿಂದ ಹೊರಗೆ ಬಂದ ದಿನವೇ ಹ್ಯಾಚರಿಯಲ್ಲಿ ಕತ್ತಿನ ಚರ್ಮದ ಕೆಳಗೆ ಚುಚ್ಚೋದು. ಕಣ್ಣಿಗೆ ಹನಿ ಹಾಕೋದು ಕೊಕ್ಕರೆ ರೋಗಕ್ಕೆ."

ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೆನೋ! ಡಾಕ್ಟರ ಮುಂದೆ ನಿಂತಿದ್ದಾಗ ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಹಸು ಹಿಡಿದುಕೊಂಡು ಬಂದವರೂ ಕೇಳಿಸಿಕೊಳ್ಳುತ್ತಿದ್ದರು. ಲಸಿಕೆಯ ಹೆಸರು ಹೇಳಿ ಮರಿಗೆ 40 ರೂಪಾಯಿ ಜಾಸ್ತಿ ತೆಗೆದುಕೊಂಡರು, ಹಾಕಿಯೇ ಇರಲಿಲ್ಲ. ಹೇಗೆ ಹಾಕುತ್ತಾರೆ ಅನ್ನುವುದೂ ಆ ಕಾರ್ಡ್ ಬರೆದವರಿಗೆ ಗೊತ್ತಿರಲಿಲ್ಲ.

ಆ ಮರಿಯೂ ಉಳಿಯಲಿಲ್ಲ. ಖಚಿತ ಆಗಬೇಕಾದರೆ ಕೊಯ್ದು ನೋಡಬೇಕು ಅಂದಿದ್ದರು, ಸತ್ತ ದಿನವೇ ಐಸ್ ಜೊತೆ ಡಬ್ಬದಲ್ಲಿಟ್ಟು ತೆಗೆದುಕೊಂಡು ಹೋದೆ. ತೊಡೆಯ ಒಳಗಿನ ನರ ತೋರಿಸಿದರು. ಒಂದು ಕಾಲಿನದು ಬಿಳಿ ದಾರದ ಹಾಗೆ ತೆಳ್ಳಗಿತ್ತು. ಇನ್ನೊಂದರದು ಊದಿಕೊಂಡು ಹಳದಿಯಾಗಿ ಎರಡರಷ್ಟು ದಪ್ಪ. ಮಾರೆಕ್ಸೇ. ಇದು ವೈರಸ್, ಬಂದ ಮೇಲೆ ಔಷಧಿ ಇಲ್ಲ. ಆಂಟಿಬಯಾಟಿಕ್ ಇದಕ್ಕೆ ತಾಗುವುದೇ ಇಲ್ಲ. ಬೆಳೆಯುವ ಮರಿಗೆ ಕ್ಯಾಲ್ಸಿಯಂ ಜಾಸ್ತಿ ಆದರೆ ಮೂತ್ರಪಿಂಡ ಕೆಡುತ್ತದೆ ಅಂತಲೂ ಹೇಳಿದರು. ನಾನು 12 ಮರಿಗೂ ಕುಡಿಸಿದ್ದೆ! ನಾನೇ, ನನ್ನ ಕೈಯಾರೆ! ಮನುಷ್ಯರಿಗೆ ಈ ರೋಗ ಬರುವುದಿಲ್ಲ ಅಂದಿದ್ದೊಂದೇ ಸಮಾಧಾನ.

ಸಂಜೆ ಆ ಮನುಷ್ಯನಿಗೆ ಫೋನ್ ಮಾಡಿ ಕಾರ್ಡಿನ ಆ ಸಾಲು ಓದಿ ಹೇಳಿದೆ. ಮೊದಲು "ಪ್ರಿಂಟ್ ಮಿಸ್ಟೇಕ್ ಅಕ್ಕಾ" ಅಂದರು. ಹಾಗಾದರೆ ಯಾವ ಹ್ಯಾಚರಿ ಹೇಳಿ, ನಾನೇ ಕೇಳುತ್ತೇನೆ ಅಂದೆ. "ಲಸಿಕೆ ಹಾಕಿದ್ರೂ ಬರತ್ತೆ ಅಕ್ಕಾ, ಗ್ಯಾರಂಟಿ ಯಾರು ಕೊಡ್ತಾರೆ" ಅಂದರು. ಹಾಕಿದರೂ ಒಂದೊಂದಕ್ಕೆ ಬರಬಹುದು, ಡಾಕ್ಟರೂ ಅದನ್ನು ಹೇಳಿದ್ದಾರೆ. ಆದರೆ ಹಾಕಿದ್ದೀರಾ? ಅದೇ ನನ್ನ ಪ್ರಶ್ನೆ. ಮೂರು ಸಲ ಕೇಳಿದೆ. "ಎರಡು ಕೋಳಿಗೆ ಇಷ್ಟು ಮಾತಾಡ್ತೀರಲ್ಲ, ಬೇಕಿದ್ರೆ ಎರಡು ಮರಿ ಫ್ರೀ ತಗೊಳ್ಳಿ" ಅಂತ ಫೋನ್ ಇಟ್ಟರು. ಈಗ ನನ್ನ ನಂಬರ್ ಬ್ಲಾಕ್ ಆಗಿದೆ.

ಆ ಫ್ರೀ ಮರಿ ತಂದು ನಾನು ಎಲ್ಲಿ ಬಿಡಲಿ? ಈ ವೈರಸ್ ಉದುರಿದ ಪುಕ್ಕದ ಧೂಳಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಗೂಡಿನ ತುಂಬ ಅದೇ ಧೂಳು.

ಮರಿ ಕೊಳ್ಳುವವರು ಇಷ್ಟು ಮಾಡಿ. ಮಾರೆಕ್ಸ್ ಯಾವ ದಿನ, ಎಲ್ಲಿಗೆ ಹಾಕಿದ್ದು ಅಂತ ಕೇಳಿ. ಮೊದಲ ದಿನ, ಕತ್ತಿಗೆ ಅನ್ನದಿದ್ದರೆ ವಾಪಸ್ ಬನ್ನಿ. ಆಮೇಲೆ ನಾವೇ ಹಾಕಿಸೋಣ ಅಂದರೆ ಆಗುವುದಿಲ್ಲ, ಅಷ್ಟರಲ್ಲಿ ತಡವಾಗಿರುತ್ತದೆ. ಹ್ಯಾಚರಿಯ ಬಿಲ್ ನೋಡಿ, ಕಾರ್ಡ್ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಮರಿ ಕುಂಟಿದರೆ ಮಾರಿದವರನ್ನು ಕೇಳಬೇಡಿ, ಅದೇ ದಿನ ಬೇರೆ ಇಟ್ಟು ಡಾಕ್ಟರಿಗೆ ತೋರಿಸಿ. ನನ್ನ ಹಾಗೆ ಹತ್ತು ದಿನ ಕಳೆಯಬೇಡಿ.

ಇನ್ನು ಹತ್ತು ಮರಿ ಇವೆ. ನಿನ್ನೆ ಸಂಜೆ ಗೂಡಿಗೆ ಹತ್ತುವಾಗ ಒಂದು ಹುಂಜದ ಮರಿ ಬಲಗಾಲು ಎಳೆದ ಹಾಗೆ ಕಂಡಿತು. ಬೆಳಿಗ್ಗೆಯಿಂದ ಅದರ ಹಿಂದೆಯೇ ಓಡಾಡುತ್ತಿದ್ದೇನೆ.