ಟೆಕ್ಸಸ್ ಪ್ರಾಪರ್ಟಿ ಟ್ಯಾಕ್ಸ್ ಪ್ರೊಟೆಸ್ಟ್: ಕಂಪನಿಗೆ ಕೊಟ್ಟು ನೋಡಿದೆ, ನಾನೇ ಮಾಡಿಯೂ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಟೆಕ್ಸಸ್‌ನಲ್ಲಿ ನೀವೇ ವಾಸ ಇರುವ ಒಂದು ಮನೆ ಇದ್ದರೆ, ಟ್ಯಾಕ್ಸ್ ಪ್ರೊಟೆಸ್ಟ್ (ಮನೆಗೆ ಕಟ್ಟಿದ ಬೆಲೆ ಜಾಸ್ತಿ ಅನ್ನುವ ಆಕ್ಷೇಪಣೆ) ಮಾಡಿಕೊಡುವ ಕಂಪನಿಗೆ ದುಡ್ಡು ಕೊಡಬೇಡಿ. ನೀವೇ ಮಾಡಿ. ಕಂಪನಿಗೆ ಐದಕ್ಕೆ ಎರಡು ಸ್ಟಾರ್, ನಮ್ಮ ಕೌಂಟಿಯ (ಜಿಲ್ಲೆ ಅಂದುಕೊಳ್ಳಿ) ಅಪ್ರೈಸಲ್ ಡಿಸ್ಟ್ರಿಕ್ಟ್, ಅಂದರೆ ಮನೆಗಳಿಗೆ ಬೆಲೆ ಕಟ್ಟುವ ಕಚೇರಿಯ ಆನ್‌ಲೈನ್ ವ್ಯವಸ್ಥೆಗೆ ನಾಲ್ಕು. ಡಲ್ಲಾಸ್‌ನ ಉತ್ತರಕ್ಕೆ ಪ್ಲೇನೋ, ಫ್ರಿಸ್ಕೋ ಕಡೆ ನಮ್ಮವರು ತುಂಬಾ ಜನ ಇದ್ದೀರಿ, ಏಪ್ರಿಲ್ ಬಂತೆಂದರೆ ಎಲ್ಲರ ಮನೆಯಲ್ಲೂ ಇದೇ ಮಾತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಇಲ್ಲಿ ರಾಜ್ಯದ ಇನ್ಕಮ್ ಟ್ಯಾಕ್ಸ್ ಇಲ್ಲ. ಹಾಗಾಗಿ ಸ್ಕೂಲು, ಸಿಟಿ, ಕೌಂಟಿ ಎಲ್ಲವೂ ಮನೆಯ ಮೇಲೆಯೇ ಕೈ ಹಾಕುತ್ತವೆ. ಅದರಲ್ಲಿ ದೊಡ್ಡ ಪಾಲು ಸ್ಕೂಲ್ ಡಿಸ್ಟ್ರಿಕ್ಟ್‌ನದು. ಕ್ಯಾಲಿಫೋರ್ನಿಯಾದಿಂದ ಬಂದವರಿಗೆ ಮೊದಲ ನೋಟಿಸ್ ನೋಡಿದಾಗ ಎದೆ ಧಸಕ್ ಅನ್ನುತ್ತದೆ. ಅಲ್ಲಿ 1978ರ ಪ್ರೊಪೊಸಿಷನ್ 13 ಅನ್ನುವ ಕಾನೂನು ಇದೆ, ಕೊಂಡ ಬೆಲೆಯ ಮೇಲೆ ವರ್ಷಕ್ಕೆ ಹೆಚ್ಚೆಂದರೆ 2% ಏರುತ್ತದೆ. ಬೆಂಗಳೂರಿನಲ್ಲಾದರೆ ಅಳತೆ, ಝೋನ್ ಎಲ್ಲ ನಾವೇ ತುಂಬಿ ಕಟ್ಟುತ್ತೇವೆ. ಟೆಕ್ಸಸ್‌ನಲ್ಲಿ ಜನವರಿ 1ಕ್ಕೆ ನಿಮ್ಮ ಮನೆಯ ಮಾರುಕಟ್ಟೆ ಬೆಲೆ ಎಷ್ಟು ಅಂತ ಅಪ್ರೈಸಲ್ ಡಿಸ್ಟ್ರಿಕ್ಟ್ ತಾನೇ ಅಂದಾಜು ಮಾಡಿ ಕಳಿಸುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಮೇ 15ರೊಳಗೆ, ಅಥವಾ ನೋಟಿಸ್ ಕಳಿಸಿದ 30 ದಿನದೊಳಗೆ, ಯಾವುದು ತಡವೋ ಅಷ್ಟರಲ್ಲಿ ಪ್ರೊಟೆಸ್ಟ್ ಹಾಕಬೇಕು. ಇದಕ್ಕೆ ಫೀಸ್ ಇಲ್ಲ.

ಕಂಪನಿಯ ಕಥೆ ಕೇಳಿ. ಹೆಸರು ಹೇಳುವುದಿಲ್ಲ. ಸೈನ್ ಅಪ್ ಮಾಡೋದು ತುಂಬಾ ಸುಲಭ, ಅಡ್ರೆಸ್ ಕೊಟ್ಟು ಒಂದು ಸಹಿ ಹಾಕಿದರೆ ಆಯಿತು. "ಉಳಿತಾಯ ಆದರೆ ಮಾತ್ರ ಫೀಸ್" ಅನ್ನುವುದು ಅವರ ದೊಡ್ಡ ಮಾತು. ಆಮೇಲೆ ತಿಂಗಳುಗಟ್ಟಲೆ ಸುದ್ದಿ ಇಲ್ಲ. ಮನೆ ಹೇಗಿದೆ, ಏನಾದರೂ ಹಾಳಾಗಿದೆಯಾ ಅಂತ ಒಬ್ಬರೂ ಕೇಳಲಿಲ್ಲ. ಕೊನೆಗೆ ಒಂದು ಇಮೇಲ್: ಅಭಿನಂದನೆಗಳು, ನಿಮ್ಮ ಮಾರುಕಟ್ಟೆ ಬೆಲೆ ಇಳಿಸಿದ್ದೇವೆ. ಜೊತೆಗೆ ಬಿಲ್.

ಇಲ್ಲೇ ಎಲ್ಲರೂ ಗಮನಿಸಬೇಕಾದ ವಿಷಯ ಇದೆ. ಹೋಮ್‌ಸ್ಟೆಡ್ (ಸ್ವಂತ ವಾಸದ ಮನೆಗೆ ಅರ್ಜಿ ಹಾಕಿ ಪಡೆಯುವ ರಿಯಾಯಿತಿ) ಇರುವ ಮನೆಗೆ ಒಂದು ಕ್ಯಾಪ್, ಅಂದರೆ ಮಿತಿ ಇದೆ. ಮಾರುಕಟ್ಟೆ ಬೆಲೆ ಎಷ್ಟೇ ಏರಲಿ, ಟ್ಯಾಕ್ಸ್ ಹಾಕುವ ಬೆಲೆ ಹಿಂದಿನ ವರ್ಷಕ್ಕಿಂತ 10%ಗಿಂತ ಜಾಸ್ತಿ ಏರುವಂತಿಲ್ಲ, ಹೊಸದಾಗಿ ಏನಾದರೂ ಕಟ್ಟಿಸಿದ್ದರೆ ಅದು ಬೇರೆ. ಅಂದರೆ ನೋಟಿಸ್‌ನಲ್ಲಿ ಎರಡು ಸಂಖ್ಯೆ ಇರುತ್ತವೆ. ಉದಾಹರಣೆಗೆ ಮಾರುಕಟ್ಟೆ ಬೆಲೆ 6.2 ಲಕ್ಷ ಡಾಲರ್, ಕ್ಯಾಪ್ ಆದ ಬೆಲೆ 5.1 ಲಕ್ಷ ಅಂದುಕೊಳ್ಳಿ. ಕಂಪನಿ ಮೊದಲನೆಯದನ್ನು 5.8 ಲಕ್ಷಕ್ಕೆ ಇಳಿಸಿತು. ನಿಮ್ಮ ಟ್ಯಾಕ್ಸ್ ಎಷ್ಟು ಕಡಿಮೆ ಆಯಿತು? ಸೊನ್ನೆ. ಯಾಕಂದರೆ ಟ್ಯಾಕ್ಸ್ ಬರೋದು 5.1ರ ಮೇಲೆ, ಅದು ಅಲುಗಾಡಲೇ ಇಲ್ಲ. ಆದರೆ ಬಿಲ್‌ನಲ್ಲಿ 40 ಸಾವಿರ ಡಾಲರ್ ಇಳಿಕೆಯನ್ನು ಟ್ಯಾಕ್ಸ್ ದರದಿಂದ ಗುಣಿಸಿ, ಅದರಲ್ಲಿ ಇಷ್ಟು ಪರ್ಸೆಂಟ್ ಅಂತ ಫೀಸ್ ಹಾಕುತ್ತಾರೆ! ನನಗೆ ಬಂದ ಬಿಲ್ ಇದೇ ಲೆಕ್ಕದ್ದು. ಫೋನ್ ಮಾಡಿ ಕೇಳಿದರೆ "ಮಾರುಕಟ್ಟೆ ಬೆಲೆಯಲ್ಲಿ ಆದ ಇಳಿಕೆಯೇ ಉಳಿತಾಯ" ಅನ್ನುವ ಒಪ್ಪಂದದ ಸಾಲು ತೋರಿಸಿದರು. ಇಳಿದ ಬೆಲೆಯಿಂದ ಮುಂದಿನ ವರ್ಷಗಳಲ್ಲಿ ಅನುಕೂಲ ಆಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಈ ವರ್ಷ ಕೈಗೆ ಒಂದು ಡಾಲರ್ ಉಳಿಯದೆ ಉಳಿತಾಯದ ಪಾಲು ಕೇಳೋದು ನನಗೆ ಅನ್ಯಾಯ ಅನಿಸಿತು, ಈಗಲೂ ಅನಿಸುತ್ತದೆ. ಎಲ್ಲ ಕಂಪನಿಗಳೂ ಹೀಗೆ ಅಲ್ಲ, ನಿಜವಾಗಿ ಇಳಿದ ಟ್ಯಾಕ್ಸ್ ಮೇಲೆ ಮಾತ್ರ ಫೀಸ್ ತೆಗೆದುಕೊಳ್ಳುವವರೂ ಇದ್ದಾರೆ. ಸಹಿ ಹಾಕುವ ಮೊದಲು ಆ ಒಂದು ಸಾಲು ಹುಡುಕಿ.

ಆಮೇಲೆ ನಾನೇ ಮಾಡಿದೆ. ಆನ್‌ಲೈನ್‌ನಲ್ಲಿ ಪ್ರೊಟೆಸ್ಟ್ ಹಾಕುವಾಗ ಕಾರಣಗಳ ಪಟ್ಟಿ ಬರುತ್ತದೆ. ಎರಡಕ್ಕೂ ಟಿಕ್ ಮಾಡಿ: ಮಾರುಕಟ್ಟೆ ಬೆಲೆ ಜಾಸ್ತಿ ಹಾಕಿದ್ದಾರೆ ಅನ್ನುವುದಕ್ಕೆ, ಮತ್ತು ಬೇರೆ ಮನೆಗಳಿಗೆ ಹೋಲಿಸಿದರೆ ಅಸಮಾನವಾಗಿ ಹಾಕಿದ್ದಾರೆ ಅನ್ನುವುದಕ್ಕೆ. ಎರಡನೆಯದು ತುಂಬಾ ಜನಕ್ಕೆ ಗೊತ್ತೇ ಇಲ್ಲ, ಆದರೆ ಬಲ ಇರೋದು ಅಲ್ಲೇ. ಟೆಕ್ಸಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟ ಆಯಿತು ಅಂತ ಸರ್ಕಾರಕ್ಕೆ ತಿಳಿಸಬೇಕಾದ ಕಾನೂನು ಇಲ್ಲ, ಹಾಗಾಗಿ ಮಾರಾಟದ ಬೆಲೆ ನಮಗೆ ಸುಲಭಕ್ಕೆ ಸಿಗುವುದಿಲ್ಲ. ಆದರೆ ಪಕ್ಕದ ಮನೆಗೆ ಎಷ್ಟು ಬೆಲೆ ಕಟ್ಟಿದ್ದಾರೆ ಅನ್ನುವುದು ಅಪ್ರೈಸಲ್ ಡಿಸ್ಟ್ರಿಕ್ಟ್‌ನ ವೆಬ್‌ಸೈಟ್‌ನಲ್ಲೇ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಇತ್ತೀಚೆಗೆ ಮನೆ ಕೊಂಡವರು ಮಾತ್ರ ಬೇರೆ ಏನೂ ಹುಡುಕಬೇಕಿಲ್ಲ, ಅಪ್ರೈಸಲ್ ಡಿಸ್ಟ್ರಿಕ್ಟ್ ಹೇಳುವ ಬೆಲೆಗಿಂತ ಕಡಿಮೆಗೆ ಕೊಂಡಿದ್ದರೆ ಕ್ಲೋಸಿಂಗ್ ಸ್ಟೇಟ್‌ಮೆಂಟ್ (ಮನೆ ಖರೀದಿಯ ಲೆಕ್ಕದ ಕಾಗದ) ಒಂದೇ ಸಾಕು.

ಮುಖ್ಯವಾಗಿ, ಅಪ್ರೈಸಲ್ ಡಿಸ್ಟ್ರಿಕ್ಟ್‌ನವರ ಸಾಕ್ಷ್ಯವನ್ನು ಕೇಳಿ ತರಿಸಿಕೊಳ್ಳಿ. ಕೇಳಿದರೆ ಹಿಯರಿಂಗ್‌ಗೆ (ವಿಚಾರಣೆಗೆ) 14 ದಿನ ಮೊದಲೇ ಕೊಡಬೇಕು ಅಂತ ಕಾನೂನು ಇದೆ. ನನಗೆ ಬಂದ ಪಿಡಿಎಫ್‌ನಲ್ಲಿ ಒಂದು ದೊಡ್ಡ ಕೋಷ್ಟಕ ಇತ್ತು. ಎಡಗಡೆ ನಮ್ಮ ಮನೆ, ಬಲಕ್ಕೆ ಸಾಲಾಗಿ ಹೋಲಿಕೆಯ ಮನೆಗಳು, ಅಂದರೆ ಕಾಂಪ್ಸ್. ಕೆಳಗೆ ಒಂದೊಂದು ಸಾಲಿನಲ್ಲಿ ಅಳತೆ, ಕಟ್ಟಿದ ವರ್ಷ, ಗ್ಯಾರೇಜು, ಈಜುಕೊಳ, ಅದಕ್ಕೆ ಇಷ್ಟು ಕೂಡಿಸು ಇದಕ್ಕೆ ಇಷ್ಟು ಕಳೆ ಅಂತ ಹೊಂದಾಣಿಕೆ, ಕೊನೇ ಸಾಲಿನಲ್ಲಿ ಹೊಂದಿಸಿದ ಬೆಲೆ. ಸುಮ್ನೆ ಕೂತು ಒಂದೊಂದೇ ಮನೆಯನ್ನು ಮ್ಯಾಪ್‌ನಲ್ಲಿ ನೋಡಿದೆ. ಒಂದು ಮನೆ ಹೊಸ ಬಡಾವಣೆಯದು. ಇನ್ನೊಂದರ ಹಿಂದೆ ಮರಗಳ ಸಾಲು, ಕೆರೆ. ನಮ್ಮ ಮನೆಯ ಹಿಂದೆ ಇರೋದು ಆರು ಲೇನಿನ ರಸ್ತೆ! ಅದಕ್ಕೆ ಒಂದು ಡಾಲರನ್ನೂ ಕಳೆದಿರಲಿಲ್ಲ. ನಮ್ಮದೇ ಬೀದಿಯಲ್ಲಿ, ಅದೇ ಬಿಲ್ಡರ್ ಕಟ್ಟಿದ, ಅದೇ ರಸ್ತೆಗೆ ಬೆನ್ನು ಹಾಕಿರುವ ಮನೆಗಳನ್ನು ಹುಡುಕಿ ಅದೇ ಥರದ ಕೋಷ್ಟಕ ಮಾಡಿ ಹಾಕಿದೆ. ಅವುಗಳ ಹೊಂದಿಸಿದ ಬೆಲೆಯ ಮೀಡಿಯನ್, ಅಂದರೆ ಸಾಲಾಗಿ ಇಟ್ಟಾಗ ನಡುವೆ ಬರುವ ಸಂಖ್ಯೆ, ನಮ್ಮದಕ್ಕಿಂತ ಸಾಕಷ್ಟು ಕೆಳಗಿತ್ತು.

ಇನ್ನೊಂದು, ಫೌಂಡೇಶನ್. ಡಲ್ಲಾಸ್ ಸುತ್ತಮುತ್ತ ಇರುವುದು ನಮ್ಮ ಹುಬ್ಬಳ್ಳಿ ಕಡೆಯ ಎರೆಮಣ್ಣಿನಂಥ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮನೆಯ ತಳವೂ ಅದರ ಜೊತೆ ಏಳುತ್ತದೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಬಾಗಿಲ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಬಿರುಕು ಬಿಟ್ಟಿತ್ತು, ಹೊರಗಡೆ ಇಟ್ಟಿಗೆಯ ಸಂದಿಯಲ್ಲಿ ನಾಣ್ಯ ತೂರಿಸುವಷ್ಟು ಜಾಗ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದೆ, ರಿಪೇರಿಯವರ ಹತ್ತಿರ ಬರಹದಲ್ಲಿ ಎಸ್ಟಿಮೇಟ್ ತೆಗೆದುಕೊಂಡೆ. ಬರೀ ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ, ಕಾಗದ ಬೇಕು. ಮತ್ತೆ ಅದು ಜನವರಿ 1ಕ್ಕೇ ಇದ್ದ ಹಾನಿ ಅಂತ ತೋರಿಸಬೇಕು.

ಹಿಯರಿಂಗ್‌ಗೆ ಮೊದಲು ಅಪ್ರೈಸರ್ (ಬೆಲೆ ಕಟ್ಟುವ ಕಚೇರಿಯವರು) ಜೊತೆ ಮಾತಾಡಲು ಅವಕಾಶ ಇರುತ್ತದೆ. ನಮ್ಮದು ಅಲ್ಲೇ ಮುಗಿಯಿತು. ಫೋನಿನಲ್ಲಿದ್ದ ಹೆಂಗಸು ಮರ್ಯಾದೆಯಿಂದ ಮಾತಾಡಿದರು, ಕೋಷ್ಟಕ ಓದಿದರು, ಎರಡು ಮನೆ ಒಪ್ಪಲಿಲ್ಲ, ಉಳಿದದ್ದು ಒಪ್ಪಿದರು, ಎಸ್ಟಿಮೇಟ್ ಪೂರ್ತಿ ಕಳೆಯದಿದ್ದರೂ ಒಂದು ಪಾಲು ಕಳೆದರು. ಆ ವರ್ಷ ಮಾರುಕಟ್ಟೆ ಬೆಲೆಗೂ ಕ್ಯಾಪ್ ಬೆಲೆಗೂ ಹೆಚ್ಚು ಅಂತರ ಇರಲಿಲ್ಲ, ಹಾಗಾಗಿ ಇಳಿದದ್ದು ನೇರವಾಗಿ ಟ್ಯಾಕ್ಸ್ ಬಿಲ್‌ನಲ್ಲಿ ಕಂಡಿತು. ಬ್ಯಾಂಕ್‌ನವರು ಸಾಲದ ಕಂತಿನ ಜೊತೆ ಟ್ಯಾಕ್ಸ್‌ಗೆಂದು ಕಟ್ಟಿಸಿಕೊಳ್ಳುವ ಎಸ್ಕ್ರೋ ಕೂಡ ಕಡಿಮೆ ಆಯಿತು. ಅಲ್ಲಿ ಮುಗಿಯದಿದ್ದರೆ ಹಿಯರಿಂಗ್‌ಗೆ, ಅಂದರೆ ಆಕ್ಷೇಪಣೆ ಕೇಳಿ ತೀರ್ಮಾನಿಸುವ ರಿವ್ಯೂ ಬೋರ್ಡ್ ಮುಂದೆ ಹೋಗಬೇಕು. ಅವರು ಊರಿನವರೇ, ಅಪ್ರೈಸಲ್ ಡಿಸ್ಟ್ರಿಕ್ಟ್‌ನ ನೌಕರರಲ್ಲ. ಪ್ರೊಟೆಸ್ಟ್ ಮಾಡಿದರೆ ಸಿಟ್ಟಿಗೆ ಬೆಲೆ ಏರಿಸಿಬಿಡುತ್ತಾರೆ ಅನ್ನುವ ಭಯ ನಮ್ಮವರಲ್ಲಿ ಬಹಳ. ರೆಕಾರ್ಡಿನಲ್ಲಿರುವ ಬೆಲೆಯನ್ನು ಬೋರ್ಡ್ ಏರಿಸುವಂತಿಲ್ಲ, ಕಾನೂನೇ ಹಾಗಿದೆ. ಧೈರ್ಯವಾಗಿ ಹೋಗಿ.

ಆನ್‌ಲೈನ್ ವ್ಯವಸ್ಥೆಗೆ ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಯಾಕಂದರೆ, ಪಿಡಿಎಫ್‌ನ ಕೋಷ್ಟಕ ಓದೋದು ಮೊದಲ ಸಲ ನೋಡುವವರಿಗೆ ಕಷ್ಟ, ಎಲ್ಲೂ ವಿವರಣೆ ಇಲ್ಲ. ವಯಸ್ಸಾದವರಿಗೆ ಇನ್ನೂ ಕಷ್ಟ.

ಹೋಮ್‌ಸ್ಟೆಡ್ ಇನ್ನೂ ಹಾಕಿಲ್ಲದವರು ಪ್ರೊಟೆಸ್ಟ್‌ಗಿಂತ ಮೊದಲು ಅದನ್ನು ಮಾಡಿ. ಸ್ಕೂಲ್ ಟ್ಯಾಕ್ಸ್‌ನಲ್ಲಿ ಮನೆ ಬೆಲೆಯಿಂದ ಕಳೆಯುವ ಮೊತ್ತ 2023ರಲ್ಲಿ 40 ಸಾವಿರದಿಂದ 1 ಲಕ್ಷ ಡಾಲರ್ ಆಯಿತು, 2025ರ ನವೆಂಬರ್ ಮತದಾನದಲ್ಲಿ 1.4 ಲಕ್ಷಕ್ಕೆ ಏರಿತು. ಅರ್ಜಿ ಪೂರ್ತಿ ಉಚಿತ. ಮನೆ ಕೊಂಡ ಕೂಡಲೇ ಸರ್ಕಾರಿ ಕಾಗದದ ಥರ ಕಾಣುವ ಪತ್ರ ಕಳಿಸಿ ಇದಕ್ಕೆ ಫೀಸ್ ಕೇಳುವವರಿದ್ದಾರೆ, ಕೊಡಬೇಡಿ.

ಬಾಡಿಗೆಗೆ ಕೊಟ್ಟ ಮನೆಗಳು ಇರುವವರಿಗೆ, ವರ್ಷದ ಅರ್ಧ ಊರಲ್ಲಿ ಇರುವವರಿಗೆ ಕಂಪನಿ ಉಪಯೋಗಕ್ಕೆ ಬರುತ್ತದೆ, ಹೋಗಿ. ನನ್ನ ಹಾಗೆ ಕಂಪನಿಯನ್ನು ಬಿಟ್ಟು ಬರುವವರು ಏಜೆಂಟ್ ನೇಮಕದ 50-162 ಫಾರಂ ರದ್ದು ಮಾಡಿಸುವುದನ್ನು ಮರೆಯಬೇಡಿ. ಮುಗಿಯುವ ದಿನ ಬರೆಯದೆ ಖಾಲಿ ಬಿಟ್ಟಿದ್ದರೆ, ನೀವು ಬರಹದಲ್ಲಿ ರದ್ದು ಮಾಡುವವರೆಗೂ ಪ್ರತಿ ವರ್ಷ ಅವರೇ ನಿಮ್ಮ ಏಜೆಂಟ್.