ಹಡ್ಸನ್ ಕಣಿವೆಯ ವಾರಾಂತ್ಯ: ಕಾರ್ಖಾನೆ, ಜಲ್ಲಿಗುಂಡಿ, ಕಲ್ಲುಗಣಿ

ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಹಡ್ಸನ್ ಲೈನ್‌ನ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಬೀಕನ್ ಎಂಬ ಊರನ್ನು ತಲುಪಬಹುದು. ಹೋಗುವಾಗ ಎಡಬದಿಯ ಕಿಟಕಿ ಹಿಡಿದವರಿಗೆ ನದಿ, ಆಚೆ ದಡದ ಕಡಿದಾದ ಬಂಡೆಸಾಲು, ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಬೂದುಬಣ್ಣದ ಕಟ್ಟಡಗಳು ಒಂದಾದ ಮೇಲೊಂದು ಕಾಣಸಿಗುತ್ತವೆ. ಈ ನೋಟ ತಾನಾಗಿ ಉಳಿದುಬಂದದ್ದಲ್ಲ. 1960ರ ದಶಕದ ಆರಂಭದಲ್ಲಿ ಸ್ಟಾರ್ಮ್ ಕಿಂಗ್ ಬೆಟ್ಟವನ್ನು ಕೊರೆದು ಜಲವಿದ್ಯುತ್ ಸ್ಥಾವರ ಕಟ್ಟಲು ಕಾನ್ ಎಡಿಸನ್ ಕಂಪನಿ ಹೊರಟಾಗ ಸುತ್ತಲಿನ ಜನ ನ್ಯಾಯಾಲಯದ ಮೆಟ್ಟಿಲೇರಿದರು. ನಿಸರ್ಗದ ಚೆಲುವನ್ನು ಕಾಪಾಡಲು ನಾಗರಿಕರೂ ದಾವೆ ಹೂಡಬಹುದೆಂದು 1965ರಲ್ಲಿ ಬಂದ ತೀರ್ಪು ಅಮೆರಿಕದ ಪರಿಸರ ಕಾನೂನಿಗೇ ಬುನಾದಿಯಾಯಿತು. 1980ರ ರಾಜಿಯಲ್ಲಿ ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತು.

ಈ ಕಣಿವೆಯನ್ನು ವಿನ್ಯಾಸಪ್ರಿಯರ ತಾಣವೆಂದು ಹೊಗಳುವವರು ಸಾಮಾನ್ಯವಾಗಿ ಅಲ್ಲಿನ ಸೊಗಸಾದ ಅಂಗಡಿಗಳನ್ನೂ ವಸತಿಗೃಹಗಳನ್ನೂ ಮುಂದಿಡುತ್ತಾರೆ. ನನ್ನ ಮಟ್ಟಿಗೆ ಅವು ಎರಡನೆಯ ಸಾಲಿನವು. ಕೈಗಾರಿಕೆ ಬಳಸಿ ಬಿಟ್ಟುಹೋದ ಜಾಗಗಳನ್ನು, ಅವುಗಳ ಹಳೆಯ ಗುರುತು ಅಳಿಸದಂತೆ, ಮತ್ತೆ ನೋಡುವಂತೆ ಮಾಡಿರುವುದೇ ಇಲ್ಲಿಯ ಹೆಚ್ಚುಗಾರಿಕೆ. ಅಂಥ ಮೂರು ಜಾಗಗಳಿಗಾಗಿಯೇ ವಾರಾಂತ್ಯವನ್ನು ಮೀಸಲಿಡಬಹುದು.

ಮೊದಲನೆಯದು ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದ ಡಿಯಾ ಬೀಕನ್. ನಬಿಸ್ಕೊ ಕಂಪನಿ ಬಿಸ್ಕತ್ತಿನ ಡಬ್ಬಿಗಳ ಮುದ್ರಣಕ್ಕಾಗಿ 1929ರಲ್ಲಿ ಕಟ್ಟಿಸಿದ ಈ ಕಾರ್ಖಾನೆ 2003ರಲ್ಲಿ ಕಲಾ ಸಂಗ್ರಹಾಲಯವಾಗಿ ತೆರೆಯಿತು. ಗರಗಸದ ಹಲ್ಲಿನಂತೆ ಸಾಲಾಗಿ ಎದ್ದ ಚಾವಣಿಯ ಗಾಜುಗಳು ಉತ್ತರಕ್ಕೆ ಮುಖ ಮಾಡಿರುವುದರಿಂದ ಒಳಗೆ ನೇರ ಬಿಸಿಲು ಬೀಳದೆ ತಿಳಿಬೆಳಕು ಹರಡುತ್ತದೆ; ಮುದ್ರಣದ ಕೆಲಸಗಾರರಿಗೆಂದು ಮಾಡಿದ ಈ ಏರ್ಪಾಡು ಈಗ ಚಿತ್ರಗಳಿಗೆ ಒದಗಿಬಂದಿದೆ. ನವೀಕರಣದಲ್ಲಿ ಕೈಜೋಡಿಸಿದ ಕಲಾವಿದ ರಾಬರ್ಟ್ ಇರ್ವಿನ್ ಕಿಟಕಿಗಳಿಗೆ ಮಬ್ಬುಗಾಜು ಹಾಕಿಸಿ, ನಡುವಿನ ಕೆಲವು ಚೌಕಗಳನ್ನು ಮಾತ್ರ ತಿಳಿಗಾಜಾಗಿ ಉಳಿಸಿದ್ದಾರೆ. ಹೊರಗಿನ ಮರಗಳು ಅಷ್ಟರಲ್ಲೇ ಚೌಕಟ್ಟು ಹಾಕಿದಂತೆ ಕಾಣುತ್ತವೆ. ಶಿಲ್ಪಿ ರಿಚರ್ಡ್ ಸೆರ್ರಾ ಅವರ ತಿರುಚಿದ ಉಕ್ಕಿನ ದೀರ್ಘವೃತ್ತಗಳೊಳಗೆ ಹೊಕ್ಕು ನಡೆದರೆ ಎರಡು ಅಂಗುಲ ದಪ್ಪದ ಗೋಡೆ ಒಮ್ಮೆ ಮೈಮೇಲೆ ವಾಲುತ್ತದೆ, ಇನ್ನೊಮ್ಮೆ ದೂರ ಸರಿಯುತ್ತದೆ. ತುಕ್ಕು ಹಿಡಿದ ಮೈಯಲ್ಲಿ ಕಿತ್ತಳೆಯಿಂದ ಕಂದುಬಣ್ಣಕ್ಕೆ ತಿರುಗುವ ಕಲೆಗಳು ಕಾಣುತ್ತವೆ, ಕಾಲಿನ ಸದ್ದು ತಿರುಗಿ ಬರುತ್ತದೆ. ಮಾತು ಬೇಡದ ಇಂಥ ಕೃತಿಗಳ ನಡುವೆ, ಬರೀ ಪ್ಲೈವುಡ್ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿರುವ ಕೋಣೆಯಲ್ಲಿ ತಾಳ್ಮೆ ಕಳೆದುಕೊಳ್ಳುವವರೂ ಇದ್ದಾರೆ. ಅವರ ಮೇಲೆ ನನಗೆ ದೂರಿಲ್ಲ.

ಎರಡನೆಯದಾದ ಸ್ಟಾರ್ಮ್ ಕಿಂಗ್ ಆರ್ಟ್ ಸೆಂಟರ್ ನದಿಯ ಆಚೆ ದಡದಲ್ಲಿದೆ, ತೊಡಕು ಇರುವುದೂ ಅಲ್ಲೇ. ಕಾರು ಇಲ್ಲದವರು ಬೀಕನ್‌ನಿಂದ ಸೇತುವೆ ದಾಟಲು ಟ್ಯಾಕ್ಸಿಗೆ ಮೊದಲೇ ಹೇಳಿಡಬೇಕು. ಸಂಜೆ ಹಿಂದಿರುಗುವ ಗಾಡಿಯನ್ನೂ ಗೊತ್ತುಮಾಡಿಕೊಳ್ಳದಿದ್ದರೆ ಗೇಟಿನ ಬಳಿ ಕಾಯುವುದೇ ಗತಿ. 1960ರಲ್ಲಿ ಆರಂಭವಾದ, ಸುಮಾರು 500 ಎಕರೆ ವಿಸ್ತಾರದ ಈ ಬಯಲು ಶಿಲ್ಪ ಸಂಗ್ರಹಾಲಯದಲ್ಲಿ ಎಲ್ಲವನ್ನೂ ನೋಡಿಮುಗಿಸುತ್ತೇನೆಂಬ ಹಟ ಬೇಡ. ನ್ಯೂಯಾರ್ಕ್ ಹೆದ್ದಾರಿಗೆ ಜಲ್ಲಿ ತೆಗೆದು ಬಿಟ್ಟಿದ್ದ ಗುಂಡಿಯಲ್ಲಿ ಕಲಾವಿದೆ ಮಾಯಾ ಲಿನ್ ಏಳು ಸಾಲು ಹುಲ್ಲಿನ ಅಲೆಗಳನ್ನು ಎಬ್ಬಿಸಿದ್ದಾರೆ. ದೂರದಿಂದ ಅವು ಸಣ್ಣ ದಿಣ್ಣೆಗಳಂತೆ ತೋರಿದರೂ ಹತ್ತಿರ ಹೋದಾಗ ಎದುರಿನ ಅಲೆ ತಲೆಗಿಂತ ಎತ್ತರವಿರುತ್ತದೆ. ಆ್ಯಂಡಿ ಗೋಲ್ಡ್ಸ್‌ವರ್ದಿ ಅವರ 2,278 ಅಡಿ ಉದ್ದದ ಗೋಡೆಯನ್ನು ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಲಾಗಿದೆ. ಅದು ಮರಗಳನ್ನು ಕಡಿಸದೆ ಅವುಗಳ ಸುತ್ತ ಬಳುಕಿ ಸಾಗಿ, ಕೊಳದೊಳಗೆ ಇಳಿದು ಆಚೆ ಬದಿಯಲ್ಲಿ ಮೇಲೇಳುತ್ತದೆ. ವಯಸ್ಸಾದವರಿಗೆ ಒಳಗೆ ಓಡಾಡುವ ಟ್ರಾಮ್ ಅನುಕೂಲವಾಗಿದೆ.

ಸಮಯ ಕಡಿಮೆಯಿದ್ದು ಒಂದನ್ನೇ ಆರಿಸಬೇಕಾದರೆ ನಾನು ಗ್ಯಾರಿಸನ್ ಬಳಿಯ ಮನಿಟೋಗಾವನ್ನು ಆರಿಸುತ್ತೇನೆ. ಅಮೆರಿಕದ ಮನೆಮನೆಗೂ ಊಟದ ತಟ್ಟೆ ಬಟ್ಟಲುಗಳನ್ನು ವಿನ್ಯಾಸ ಮಾಡಿಕೊಟ್ಟ ರಸೆಲ್ ರೈಟ್ 1942ರಲ್ಲಿ ಪಾಳುಬಿದ್ದ ಕಲ್ಲುಗಣಿಯೊಂದನ್ನು ಕೊಂಡು, ಝರಿಯ ದಿಕ್ಕು ಬದಲಿಸಿ ಗಣಿಯ ಹೊಂಡಕ್ಕೆ ನೀರು ಧುಮುಕಿಸಿ, ಅದರ ಅಂಚಿಗೆ ಮನೆ ಕಟ್ಟಿದರು. ಹೊರಗಿನ ಬಂಡೆಗಳು ಹಾಗೆಯೇ ಒಳಗೆ ನುಗ್ಗಿಬಂದು ಮೆಟ್ಟಿಲೂ ನೆಲವೂ ಆಗಿವೆ. ಚಾವಣಿಯ ಭಾರವನ್ನು ಹೊತ್ತಿರುವುದು ದೇವದಾರು ಜಾತಿಯ ಮರದ ಕಾಂಡ. ಹಸಿರು ಗಿಲಾವು ಒದ್ದೆಯಿದ್ದಾಗಲೇ ಸೂಜಿಯಂಥ ಎಲೆಗಳನ್ನು ಒತ್ತಿ ಕೂರಿಸಿದ ಗೋಡೆಯನ್ನು ಓರೆಯಾಗಿ ನಿಂತು ನೋಡಿದರೆ ಎಲೆಗಳು ಒಂದೊಂದಾಗಿ ಎದ್ದು ತೋರುತ್ತವೆ. ನಿಜವಾದ ಚಿಟ್ಟೆಗಳನ್ನು ಪಾರದರ್ಶಕ ಹಾಳೆಗಳ ನಡುವೆ ಸೇರಿಸಿದ ಜಾರುಬಾಗಿಲು ಸ್ವಲ್ಪ ಅತಿಯೆನಿಸಿದರೂ, ಮನೆಯ ಉಳಿದ ಭಾಗದಲ್ಲಿ ಇಂಥ ಪ್ರದರ್ಶನದ ಹಂಬಲ ಕಾಣುವುದಿಲ್ಲ. ಮಾರ್ಗದರ್ಶಿಯೊಂದಿಗೆ ಸಣ್ಣ ಗುಂಪುಗಳಲ್ಲಿ ಮಾತ್ರ ಒಳಗೆ ಬಿಡುವುದರಿಂದ ಟಿಕೆಟ್ಟನ್ನು ಮುಂಚಿತವಾಗಿ ಕಾದಿರಿಸಬೇಕು.

ವಸತಿಯ ವಿಷಯದಲ್ಲಿ ಇಷ್ಟು ಒಳ್ಳೆಯ ಮಾತು ಹೇಳಲಾರೆ. ನಾವು ಇಳಿದುಕೊಂಡ ಮನೆಯಲ್ಲಿ ಕುರ್ಚಿಗಳು ಚಿತ್ರದಲ್ಲಿ ಚೆನ್ನಾಗಿದ್ದವು, ಕೂತರೆ ಬೆನ್ನು ಒರಗುತ್ತಿರಲಿಲ್ಲ. ಹಾಸಿಗೆಯ ಬಳಿ ಓದುವಷ್ಟು ಬೆಳಕಿರಲಿಲ್ಲ, ಬಟ್ಟೆ ನೇತುಹಾಕಲು ಗೋಡೆಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಬಾಡಿಗೆ ಮಾತ್ರ ನಗರದ ಹೋಟೆಲಿಗೆ ಸರಿಸಮ. ಅದಕ್ಕಿಂತ ಬೆಳಗಿನ ರೈಲಿಗೆ ಬಂದು, ಮೊದಲ ದಿನ ಡಿಯಾ ಬೀಕನ್ ಮತ್ತು ಸ್ಟಾರ್ಮ್ ಕಿಂಗ್ ನೋಡಿ, ರಾತ್ರಿ ನಗರಕ್ಕೆ ಮರಳಿ, ಮರುದಿನ ಮನಿಟೋಗಾಕ್ಕೆಂದೇ ಮತ್ತೆ ಬರುವುದು ಲೇಸು. ಬೀಕನ್‌ನ ಮೇನ್ ಸ್ಟ್ರೀಟಿನ ಪಿಂಗಾಣಿ, ಮೇಣದಬತ್ತಿಗಳ ಅಂಗಡಿಗಳಿಗೆ ರೈಲಿಗೆ ಕಾಯುವ ಹೊತ್ತು ಸಾಕು. ಹೋಗುವುದಾದರೆ ಅಕ್ಟೋಬರ್‌ನಲ್ಲಿ, ಎಲೆಗಳು ಬಣ್ಣ ತಿರುಗಿದಾಗ ಹೋಗಬೇಕು. ಆಗ ಜನಜಂಗುಳಿ ಇರುತ್ತದೆ, ನಿಜ. ಆದರೆ ಚಳಿಗಾಲ ಕಾಲಿಟ್ಟರೆ ಡಿಯಾ ಬೀಕನ್ ಒಂದನ್ನು ಬಿಟ್ಟು ಉಳಿದೆರಡರ ಬಾಗಿಲೂ ವಸಂತದವರೆಗೆ ಮುಚ್ಚಿರುತ್ತವೆ.